ಒಂಬತ್ತನೆಯ ಕಾಲಂನಲ್ಲಿ ಅವಳ ಹೆಸರು



ಜಮೀನಿರುವ ಮನೆಗಳಲ್ಲಿ ಪಹಣಿ ಇದ್ದೇ ಇರುತ್ತದೆ. ಸೊಸೈಟಿ ಸಾಲಕ್ಕೆಂದೋ, ಬೆಳೆ ವಿಮೆಗೆಂದೋ, ಮಳೆಹಾನಿಯ ಪರಿಹಾರಕ್ಕೆಂದೋ ತೆಗೆಸಿದ ಒಂದು ಪ್ರತಿ ಬೀರುವಿನಲ್ಲೋ ಟ್ರಂಕಿನಲ್ಲೋ ಮಡಚಿಟ್ಟಿರುತ್ತದೆ. ಅದರಲ್ಲಿ ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ಖರಾಬು, ಕಂದಾಯ ಎಲ್ಲವೂ ನಮೂದಾಗಿರುತ್ತವೆ. 9ನೆಯ ಕಾಲಂನಲ್ಲಿ ಜಮೀನು ಯಾರ ಸ್ವಾಧೀನದ್ದು ಎಂಬ ಹೆಸರು. 10ರಲ್ಲಿ ಅದು ಅವರಿಗೆ ಹೇಗೆ ಬಂತು ಎಂಬ ವಿವರ. 11ರಲ್ಲಿ ಸಾಲ ಮತ್ತಿತರ ಋಣಗಳು. 12ರಲ್ಲಿ ಸಾಗುವಳಿಯ, ಬೆಳೆಯ ವಿಚಾರ. ನಾನು ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿರುವುದು ಆ 9ನೆಯ ಕಾಲಂ ಬಗ್ಗೆ. ಅಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರು ಯಾಕೆ ಬರುವುದಿಲ್ಲ, ಬರಬೇಕಾದರೆ ಏನಾಗಬೇಕು ಎಂಬುದರ ಬಗ್ಗೆ.

ನಮ್ಮ ದೇಶದ ಹಳ್ಳಿಗಳಲ್ಲಿ ದುಡಿಮೆಗೆ ಹೋಗುವ ಹೆಂಗಸರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಯ ದುಡಿಮೆ ಕೃಷಿಯಲ್ಲೇ. ಬಿತ್ತನೆ ಬೀಜ ಆರಿಸಿಡುವವರು, ನಾಟಿ ಹಾಕುವವರು, ಕಳೆ ತೆಗೆಯುವವರು, ಹತ್ತಿ ಬಿಡಿಸುವವರು, ಕಣದಲ್ಲಿ ಕಾಳು ಹಸನು ಮಾಡುವವರು, ದನಕರು ನೋಡಿಕೊಳ್ಳುವವರು ಹೆಚ್ಚಾಗಿ ಅವರೇ. ಆದರೆ 2015-16ರ ಕೃಷಿ ಗಣತಿಯ ಪ್ರಕಾರ, ಇಡೀ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರು ನಡೆಸುತ್ತಿದ್ದದ್ದು ನೂರಕ್ಕೆ ಸುಮಾರು 14. ವಿಸ್ತೀರ್ಣದ ಲೆಕ್ಕ ಹಿಡಿದರೆ ನೂರಕ್ಕೆ 12ಕ್ಕೂ ಕಡಿಮೆ. ಅದೂ ಸಾಗುವಳಿಯ ಲೆಕ್ಕವೇ ಹೊರತು ಮಾಲೀಕತ್ವದ ಲೆಕ್ಕವಲ್ಲ.

ಇದಕ್ಕೆ ಒಂದು ಮಾತು ತಟ್ಟನೆ ಬರುತ್ತದೆ. ಮನೆಯ ಜಮೀನು ಮನೆಯವರೆಲ್ಲರದೂ ತಾನೆ, ಹೆಸರು ಯಾರದಿದ್ದರೇನು, ಉಣ್ಣುವವರು ಎಲ್ಲರೂ ಅಲ್ಲವೇ ಎಂದು. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಪಿಎಂ ಕಿಸಾನ್ ಹಣ ಬರುವುದು ಜಮೀನು ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ. ನಮ್ಮ ರಾಜ್ಯದಲ್ಲಿ ಹನಿ ನೀರಾವರಿ, ಬೆಳೆಹಾನಿ ಪರಿಹಾರ ಏನೇ ಬೇಕೆಂದರೂ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಕೇಳುತ್ತಾರೆ. ಅಲ್ಲಿ ರೈತರಿಗೆ ಕೊಡುವ ಎಫ್‌ಐಡಿ ನಂಬರಿಗೆ ಜೋಡಣೆಯಾಗುವುದು ಅವರವರ ಹೆಸರಿನ ಪಹಣಿ. ಬ್ಯಾಂಕಿನ ಬೆಳೆ ಸಾಲಕ್ಕೂ ಅದೇ ಆಧಾರ. ಮೂವತ್ತು ವರ್ಷ ಹೊಲದಲ್ಲಿ ದುಡಿದ ಹೆಂಗಸು ಈ ಯಾವ ಪುಸ್ತಕದಲ್ಲೂ ರೈತಳಾಗಿ ಇರುವುದಿಲ್ಲ.

ಕಷ್ಟ ಬಂದಾಗ ಇದರ ಪೆಟ್ಟು ಇನ್ನೂ ಜೋರು. ಗಂಡ ತೀರಿಕೊಂಡ ಎಂದಿಟ್ಟುಕೊಳ್ಳಿ. ಜಮೀನು ಇನ್ನೂ ಮಾವನ ಹೆಸರಿನಲ್ಲಿದೆ, ಕೆಲವು ಕಡೆ ತೀರಿಹೋದ ಮಾವನ ಅಪ್ಪನ ಹೆಸರಿನಲ್ಲೇ ಇದೆ. ಗಂಡ ಬೀಜಕ್ಕೆ, ಕೊಳವೆಬಾವಿಗೆ ಮಾಡಿದ ಕೈಸಾಲ ಅವಳ ಬಾಗಿಲಿಗೆ ಬರುತ್ತದೆ. ಆ ಸಾಲ ತೀರಿಸಬೇಕಾದ ಜಮೀನು ಮಾತ್ರ ಅವಳದಲ್ಲ. ಗಂಡನ ಪಾಲಿಗೆ ಹೆಂಡತಿ ಮೊದಲ ದರ್ಜೆಯ ವಾರಸುದಾರಳು ಎಂದು ಕಾನೂನು ಹೇಳುತ್ತದೆ. ಆದರೆ ಆ ಪಾಲು ಯಾವುದು, ಎಷ್ಟು, ಎಲ್ಲಿ ಎಂಬುದು ಕಾಗದದಲ್ಲಿ ಇಲ್ಲದಿದ್ದರೆ, ಮೈದುನರ ಮನಸ್ಸು ನೋಡಿಕೊಂಡು ಬದುಕಬೇಕಾಗುತ್ತದೆ. ರೈತರ ಆತ್ಮಹತ್ಯೆಯಾದ ಎಷ್ಟೋ ಮನೆಗಳಲ್ಲಿ ಉಳಿದ ಹೆಂಡಂದಿರು ಈ ಇಕ್ಕಟ್ಟಿನಲ್ಲೇ ಸಿಕ್ಕಿಕೊಂಡಿದ್ದಾರೆ.

ಆಸ್ತಿಯ ಹಕ್ಕು ಹಣಕಾಸಿನ ಮಾತಷ್ಟೇ ಅಲ್ಲ ಎಂಬುದಕ್ಕೆ ಪಕ್ಕದ ಕೇರಳದಿಂದ ಬಂದ ಒಂದು ಅಧ್ಯಯನವಿದೆ. ಪ್ರದೀಪ್ ಪಾಂಡಾ ಮತ್ತು ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ತಿರುವನಂತಪುರ ಜಿಲ್ಲೆಯ ವಿವಾಹಿತ ಮಹಿಳೆಯರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ್ದು. ತಮ್ಮ ಹೆಸರಿನಲ್ಲಿ ಜಮೀನೂ ಇಲ್ಲದ, ಮನೆಯೂ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನ ಕೈಯಲ್ಲಿ ಏಟು ತಿಂದಿದ್ದರು. ಜಮೀನಿದ್ದವರಲ್ಲಿ ಈ ಸಂಖ್ಯೆ 18. ಮನೆಯಿದ್ದವರಲ್ಲಿ 10. ಎರಡೂ ಇದ್ದವರಲ್ಲಿ 7. ತನ್ನದೆಂದು ಹೇಳಿಕೊಳ್ಳುವ ನೆಲ ಇರುವ ಹೆಣ್ಣಿಗೆ, ಹೊರಟುಹೋಗುತ್ತೇನೆ ಎಂದು ಹೇಳುವ ಧೈರ್ಯ ಇರುತ್ತದೆ. ಆ ಧೈರ್ಯ ಇದೆ ಎಂದು ಗಂಡನಿಗೂ ಗೊತ್ತಿರುತ್ತದೆ.

ಹಾಗಾದರೆ ಹೆಸರು ತಪ್ಪಿದ್ದು ಎಲ್ಲಿ? ಇದನ್ನು ತಿಳಿಯಲು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಕರ್ನಾಟಕದ ಭೂ ಸುಧಾರಣೆ ನಾವೆಲ್ಲ ಹೆಮ್ಮೆಪಡಬೇಕಾದ ಕೆಲಸ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಅವರ ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಆಮೇಲೆ 1961ರಲ್ಲಿ ಭೂ ಸುಧಾರಣಾ ಕಾಯ್ದೆ ಆಯಿತು. ಅದಕ್ಕೆ ನಿಜವಾದ ಬಲ ಬಂದದ್ದು ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು. ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿದರೆ ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿ ಆ ಜಮೀನಿನ ಹಕ್ಕನ್ನು ಅವನಿಗೆ ಕೊಡುತ್ತಿತ್ತು. ಎಂಟು ಲಕ್ಷದಷ್ಟು ಅರ್ಜಿಗಳು ಬಂದವು. ತಲೆತಲಾಂತರದಿಂದ ಒಡೆಯರ ಅಂಗಳದಲ್ಲಿ ಗೇಣಿ ಅಳೆಯುತ್ತಿದ್ದ ಲಕ್ಷಾಂತರ ಕುಟುಂಬಗಳು ಸ್ವಂತ ಜಮೀನಿನ ರೈತರಾದವು.

ಆ ಕೆಲಸದ ದೊಡ್ಡತನವನ್ನು ಒಪ್ಪಿಕೊಂಡೇ ಅದರ ಒಂದು ಕೊರತೆಯನ್ನು ಹೇಳಬೇಕು. ಕಾನೂನು ಕುಟುಂಬವನ್ನು ನೋಡಿತು. ಕುಟುಂಬದ ಒಳಗೆ ಯಾರಿದ್ದಾರೆ ಎಂದು ನೋಡಲಿಲ್ಲ. ಸ್ವಂತ ಸಾಗುವಳಿ ಎಂದರೆ ಏನು ಎಂಬುದಕ್ಕೆ ಕಾಯ್ದೆಯಲ್ಲಿ ವಿವರಣೆ ಇದೆ. ತನ್ನ ದುಡಿಮೆಯಿಂದ ಮಾಡಿದ್ದೂ ಸ್ವಂತ ಸಾಗುವಳಿ, ತನ್ನ ಕುಟುಂಬದವರ ದುಡಿಮೆಯಿಂದ ಮಾಡಿಸಿದ್ದೂ ಸ್ವಂತ ಸಾಗುವಳಿ. ಹಾಗಾಗಿ ಹೆಂಡತಿ ನೆಟ್ಟ ಪೈರು, ಮಗಳು ಕಿತ್ತ ಕಳೆ ಎಲ್ಲವೂ ಅರ್ಜಿ ಹಾಕಿದ ಯಜಮಾನನ ಲೆಕ್ಕಕ್ಕೆ ಸೇರಿತು. ಅವರ ದುಡಿಮೆ ಹಕ್ಕಿಗೆ ಸಾಕ್ಷಿಯಾಯಿತು, ಹಕ್ಕು ಮಾತ್ರ ಅವರ ಹೆಸರಿಗೆ ಬರಲಿಲ್ಲ. ಜಮೀನಿನ ಗರಿಷ್ಠ ಮಿತಿಯ ಲೆಕ್ಕದಲ್ಲೂ ಹಾಗೆಯೇ. ಅಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಅಪ್ರಾಪ್ತ ವಯಸ್ಸಿನ ಗಂಡುಮಕ್ಕಳು ಮತ್ತು ಮದುವೆಯಾಗದ ಹೆಣ್ಣುಮಕ್ಕಳು. ಮಗನಿಗೆ ವಯಸ್ಸು ತುಂಬಿದರೆ ಅವನು ಬೇರೆ ವ್ಯಕ್ತಿ. ಮಗಳಿಗೆ ಮೂವತ್ತಾದರೂ ನಲವತ್ತಾದರೂ, ಮದುವೆಯಾಗಿಲ್ಲವಾದರೆ ಅವಳು ಅಪ್ಪನ ಲೆಕ್ಕದ ಒಳಗೆ.

ನಮೂನೆ 7ಕ್ಕೆ ಕೊನೆಯ ದಿನ 1979ರ ಜೂನ್ 30. ಸರ್ಕಾರ ಕೊಡುವ ಜಮೀನನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಕೊಡಬೇಕು ಎಂಬ ಮಾತು ಕೇಂದ್ರದ ಆರನೆಯ ಪಂಚವಾರ್ಷಿಕ ಯೋಜನೆಯಲ್ಲಿ ಬಂದದ್ದು 1980ರ ಮೇಲೆ. ಅಷ್ಟರಲ್ಲಿ ನಮ್ಮಲ್ಲಿ ಅರ್ಜಿಗಳು ಬಿದ್ದಾಗಿತ್ತು, ಹೆಸರುಗಳು ಬರೆದಾಗಿತ್ತು. ಒಂದು ಪೀಳಿಗೆಗೆ ಒಮ್ಮೆ ಮಾತ್ರ ಬರುವ ಅವಕಾಶ ಅದು. ಅರ್ಜಿಯಲ್ಲಿ ಇನ್ನೊಂದು ಹೆಸರಿಗೆ ಜಾಗ ಬಿಟ್ಟಿದ್ದರೆ ಸಾಕಿತ್ತು.

ಜಮೀನು ಕೈಗೆ ಬರುವ ಎರಡನೆಯ ದಾರಿ ಪಿತ್ರಾರ್ಜಿತ. ಇಲ್ಲಿ ಕಾನೂನು ಹೆಣ್ಣುಮಕ್ಕಳ ಕಡೆಗೆ ನಿಧಾನವಾಗಿ, ಆದರೆ ಒಂದೇ ದಿಕ್ಕಿನಲ್ಲಿ ನಡೆದುಬಂದಿದೆ. ಹಳೆಯ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿ, ಪಾಲಾಗುವಾಗ ತಾಯಿ, ಹೆಂಡತಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಭಾಗ ಕೊಡಬೇಕೆಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಂಗಸಿನ ಆಸ್ತಿ ಅವಳ ಸಂಪೂರ್ಣ ಆಸ್ತಿ ಎಂದಿತು. ಆದರೂ ಅವಿಭಕ್ತ ಕುಟುಂಬದ ಜಮೀನಿನಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಗಂಡುಮಕ್ಕಳಿಗೆ ಮಾತ್ರ ಉಳಿಯಿತು. ಇದನ್ನು ಕರ್ನಾಟಕ 1994ರ ಜುಲೈ 30ರಿಂದ ಬದಲಾಯಿಸಿ ಮಗಳನ್ನೂ ಮಗನಂತೆಯೇ ಸಮಾನ ಹಕ್ಕುದಾರಳನ್ನಾಗಿ ಮಾಡಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಮದುವೆಯಾಗಿರಲಿ, ಆಗದಿರಲಿ, ಮಗಳು ಮಗಳೇ. ಉತ್ತರ ಪ್ರದೇಶದಂಥ ಕಡೆ ಕೃಷಿ ಜಮೀನನ್ನು ಬೇರೆ ಭೂ ಕಾನೂನಿನ ಕೆಳಗಿಟ್ಟು ಗಂಡುಮಕ್ಕಳಿಗೆ ಆದ್ಯತೆ ಕೊಡಲು ಅವಕಾಶ ಮಾಡಿದ್ದ ಉಪಕಲಮನ್ನೂ ಸಂಸತ್ತು ಆಗಲೇ ಕೈಬಿಟ್ಟಿತು. ಹಾಗೆಯೇ, ತಂದೆಯ ವಾಸದ ಮನೆಯಲ್ಲಿ ಪಾಲು ಕೇಳಲು ಹೆಣ್ಣುಮಕ್ಕಳಿಗಿದ್ದ ಅಡ್ಡಿಯೂ ಹೋಯಿತು.

2005ರಲ್ಲಿ ತಂದೆ ಬದುಕಿರಬೇಕಿತ್ತೇ, ಇಲ್ಲವೇ ಎಂಬ ಪ್ರಶ್ನೆ ಹದಿನೈದು ವರ್ಷ ನ್ಯಾಯಾಲಯಗಳಲ್ಲಿ ಎಳೆದಾಡಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಕೊನೆ ಹಾಡಿತು. ಮಗಳ ಹಕ್ಕು ಹುಟ್ಟಿನಿಂದ ಬರುವಂಥದ್ದು, ತಂದೆ ಅಂದು ಬದುಕಿರಬೇಕೆಂಬ ನಿಯಮವಿಲ್ಲ ಎಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಮುಗಿದ ವಿಭಾಗಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ. ಬಾಯಿಮಾತಿನಲ್ಲಿ ಪಾಲಾಗಿತ್ತು ಎಂದು ಈಗ ಹೇಳಿದರೆ ಸುಮ್ಮನೆ ಒಪ್ಪುವುದಿಲ್ಲ, ಸರ್ಕಾರಿ ದಾಖಲೆಯ ಆಧಾರ ಬೇಕು ಎಂದೂ ಅದೇ ತೀರ್ಪು ಹೇಳಿದೆ. ಇದು ಹಿಂದೂ ಕಾನೂನಿನ ಮಾತು. ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ ಮಗಳಿಗೆ ಸಮಪಾಲು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಗನ ಪಾಲಿನ ಅರ್ಧದಷ್ಟು ಮಗಳಿಗೆ. ಯಾವ ಧರ್ಮದವರಾದರೂ ಮಗಳಿಗೆ ಏನೂ ಇಲ್ಲ ಎಂದು ಹೇಳುವ ಕಾನೂನು ಇವುಗಳಲ್ಲಿ ಒಂದೂ ಇಲ್ಲ.

ಕಾನೂನು ಇಷ್ಟು ದೂರ ಬಂದಿದೆ. ಪಹಣಿ ಬಂದಿಲ್ಲ. ನಡುವೆ ಏನಾಗುತ್ತದೆ?

ತಂದೆ ತೀರಿಕೊಳ್ಳುತ್ತಾರೆ. ತಿಥಿ ಮುಗಿಯುತ್ತದೆ. ಪೌತಿ ಖಾತೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸಬೇಕೆಂಬ ಮಾತು ಬರುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಜೋಡಿಸಿಕೊಂಡು ನಾಡಕಚೇರಿಗೆ ಅರ್ಜಿ ಹೋಗುತ್ತದೆ. ಗ್ರಾಮ ಲೆಕ್ಕಿಗರು, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿ, ಬಂದು ವಿಚಾರಿಸುತ್ತಾರೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಇರಲೇಬೇಕು. ಕೆಲವು ಮನೆಗಳಲ್ಲಿ ಅದನ್ನೂ ಬಿಟ್ಟುಬಿಡುತ್ತಾರೆ. ಹೆಸರು ಬರೆದ ಮನೆಗಳಲ್ಲಿ ಮುಂದಿನ ಹೆಜ್ಜೆ ಹಕ್ಕು ಬಿಡುಗಡೆ ಪತ್ರ. ಅಕ್ಕತಂಗಿಯರನ್ನು ಕಾರಿನಲ್ಲಿ ಕರೆದುಕೊಂಡು ಉಪನೋಂದಣಾಧಿಕಾರಿ ಕಚೇರಿಗೆ ಹೋಗುತ್ತಾರೆ. ಫೋಟೋ, ಹೆಬ್ಬೆಟ್ಟು, ಸಹಿ. ದಾರಿಯಲ್ಲಿ ಊಟ, ಮನೆಗೆ ಬಂದರೆ ಒಂದು ಸೀರೆ. ಕೆಲವರಿಗೆ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ. 1933ರಿಂದ 2020ರವರೆಗೆ ಕಾನೂನು ಕಷ್ಟಪಟ್ಟು ಕಟ್ಟಿದ ಹಕ್ಕು ಒಂದು ಮಧ್ಯಾಹ್ನದಲ್ಲಿ ಕೈಬಿಟ್ಟುಹೋಗುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಯಾವ ಕಾಗದಕ್ಕೆ ಸಹಿ ಹಾಕಿದೆವು ಎಂಬುದೇ ಗೊತ್ತಿರುವುದಿಲ್ಲ. ಅಣ್ಣ ಹೇಳಿದ, ಹಾಕಿದೆ ಎನ್ನುತ್ತಾರೆ.

ನಾನು ಅಣ್ಣತಮ್ಮಂದಿರನ್ನು ದೂರಲು ಬಂದಿಲ್ಲ. ಅವರ ಮನಸ್ಸಿನಲ್ಲೂ ಪ್ರಾಮಾಣಿಕವಾದ ಪ್ರಶ್ನೆಗಳಿವೆ. ಒಂದೊಂದಾಗಿ ಎತ್ತಿಕೊಂಡು ಮಾತಾಡೋಣ.

ಮೊದಲನೆಯದು, ಮದುವೆಗೆ ಅಷ್ಟು ಖರ್ಚು ಮಾಡಿದ್ದೇವೆ, ಒಡವೆ ಹಾಕಿದ್ದೇವೆ, ಅದೇ ಅವಳ ಪಾಲು ಎಂಬ ಮಾತು. ಮದುವೆಯ ಖರ್ಚು ಎರಡು ದಿನದಲ್ಲಿ ಮುಗಿದುಹೋಗುತ್ತದೆ. ಒಡವೆ ಗಂಡನ ಮನೆಯ ಮೊದಲ ಕಷ್ಟಕ್ಕೇ ಗಿರವಿ ಅಂಗಡಿ ಸೇರುತ್ತದೆ. ಜಮೀನು ವರ್ಷ ವರ್ಷ ಬೆಳೆ ಕೊಡುತ್ತದೆ. ಮಗನ ಓದಿಗೆ, ಮಗನ ಮದುವೆಗೆ ಮಾಡಿದ ಖರ್ಚನ್ನು ಅವನ ಪಾಲಿನಿಂದ ಕಳೆಯುವ ಪದ್ಧತಿ ನಮ್ಮಲ್ಲಿಲ್ಲ. ಮಗಳ ವಿಷಯದಲ್ಲೂ ಅದೇ ನ್ಯಾಯ ಇರಬೇಕು.

ಎರಡನೆಯದು, ಜಮೀನು ತುಂಡು ತುಂಡಾಗುತ್ತದೆ ಎಂಬ ಆತಂಕ. ನಿಜವಾದ ಆತಂಕ. ಆದರೆ ನಾಲ್ಕು ಎಕರೆ ನಾಲ್ವರು ಅಣ್ಣತಮ್ಮಂದಿರಲ್ಲಿ ಹಂಚಿಹೋಗುವಾಗ ತುಂಡಾಗುವುದಿಲ್ಲವೇ? ತುಂಡಾಗದಂತೆ ನೋಡಿಕೊಳ್ಳುವ ದಾರಿ ಹೆಸರು ತೆಗೆಯುವುದಲ್ಲ. ಹೆಸರು ಜಂಟಿಯಾಗಿರಲಿ, ಸಾಗುವಳಿ ಒಬ್ಬರು ಮಾಡಲಿ, ಫಸಲಿನ ನ್ಯಾಯವಾದ ಭಾಗ ಉಳಿದವರಿಗೆ ಹೋಗಲಿ. ಮಾರಲೇಬೇಕಾಗಿ ಬಂದರೆ ಒಡಹುಟ್ಟಿದವರಿಗೇ ಮೊದಲು ಕೊಡಲಿ.

ಮೂರನೆಯದು, ಅವಳು ಬೇರೆ ಊರಿನಲ್ಲಿದ್ದಾಳೆ, ಸಾಗುವಳಿ ಮಾಡುವವಳಲ್ಲ ಎಂಬುದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನೂ ಸಾಗುವಳಿ ಮಾಡುವುದಿಲ್ಲ. ಅವನ ಹೆಸರನ್ನು ಯಾರೂ ತೆಗೆಸುವುದಿಲ್ಲ.

ನಾಲ್ಕನೆಯದೇ ಬಲು ಕಷ್ಟದ್ದು. ಪಾಲು ಕೇಳಿದರೆ ತವರು ತಪ್ಪಿಹೋಗುತ್ತದೆ ಎಂಬ ಹೆಣ್ಣುಮಕ್ಕಳದೇ ಭಯ. ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ, ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ, ಹೆರಿಗೆಗೆ, ಕಷ್ಟಕ್ಕೆ ಹೋಗಲು ಒಂದು ಮನೆ ಇರುವುದಿಲ್ಲ ಎಂಬ ಭಯ. ಈ ಭಯವನ್ನು ಹಗುರವಾಗಿ ನೋಡಬಾರದು. ತಿಳಿದೂ ಸಹಿ ಹಾಕುವ ಹೆಣ್ಣುಮಗಳು ದಡ್ಡಿಯಲ್ಲ. ಅವಳು ಲೆಕ್ಕ ಹಾಕಿಯೇ ಸಹಿ ಹಾಕುತ್ತಾಳೆ. ಜಮೀನು ಕೊಟ್ಟು ತವರನ್ನು ಉಳಿಸಿಕೊಳ್ಳುತ್ತಾಳೆ. ನಾನು ಅಣ್ಣತಮ್ಮಂದಿರನ್ನು ಕೇಳುವುದು ಇಷ್ಟೆ. ತಂಗಿಯ ಪ್ರೀತಿಗೆ ಅವಳ ಹಕ್ಕನ್ನು ಬೆಲೆಯಾಗಿ ಕೇಳಬೇಡಿ. ಗಂಡ ಬಿಟ್ಟಾಗ, ಗಂಡ ಸತ್ತಾಗ ತವರಿಗೆ ಬರುವ ಹೆಣ್ಣು, ಅತ್ತಿಗೆಯ ಮುಖ ನೋಡಿಕೊಂಡು ಒಳಗೆ ಕಾಲಿಡುವಂತಾಗಬಾರದು. ತನ್ನದೂ ಒಂದು ಪಾಲಿದೆ ಎಂಬ ನೆಮ್ಮದಿಯಿಂದ ಬರುವಂತಿರಬೇಕು.

ಇದೆಲ್ಲ ನಮ್ಮಲ್ಲಿ ಆಗುವ ಮಾತೇ ಎಂದು ನಿಮಗೆ ಅನ್ನಿಸಬಹುದು. ನಮಗಿಂತ ಬಡವಾದ ದೇಶಗಳಲ್ಲಿ ಆಗಿದೆ.

ಇಥಿಯೋಪಿಯಾದಲ್ಲಿ ಜಮೀನೆಲ್ಲ ಸರ್ಕಾರದ್ದು. ರೈತರಿಗಿರುವುದು ಅನುಭವಿಸುವ ಹಕ್ಕು. ಆ ಹಕ್ಕಿಗೆ ಪ್ರಮಾಣಪತ್ರ ಕೊಡುವ ಕೆಲಸವನ್ನು ತಿಗ್ರೇ ಪ್ರಾಂತ 1990ರ ದಶಕದ ಕೊನೆಯಲ್ಲಿ ಶುರುಮಾಡಿತು. ಅಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಬರೆದರು. 2003ರ ಸುಮಾರಿಗೆ ಅಂಹರಾ ಪ್ರಾಂತದಲ್ಲಿ ಶುರುವಾದಾಗ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬರೆದು, ಇಬ್ಬರ ಫೋಟೋವನ್ನೂ ಅಂಟಿಸಿದರು. ಓದುಬರಹ ಬಾರದ ಹೆಂಗಸಿಗೂ ಆ ಕಾಗದದಲ್ಲಿ ತನ್ನ ಮುಖ ಕಾಣುತ್ತಿತ್ತು. ಹಳ್ಳಿಯವರೇ ಆರಿಸಿದ ಸಮಿತಿಗಳು ಅಕ್ಕಪಕ್ಕದವರನ್ನು ಬದುವಿನ ಮೇಲೆ ನಿಲ್ಲಿಸಿಕೊಂಡು ಗಡಿ ಗುರುತಿಸಿದವು. ಕೆಲವೇ ವರ್ಷಗಳಲ್ಲಿ ದೇಶದಲ್ಲಿ ಎರಡು ಕೋಟಿಯಷ್ಟು ಜಮೀನು ತುಂಡುಗಳು ದಾಖಲಾದವು. ತಗುಲಿದ ಖರ್ಚು ಒಂದು ತುಂಡಿಗೆ ಸುಮಾರು ಒಂದು ಡಾಲರ್.

ರುವಾಂಡಾದಲ್ಲಿ 1994ರ ನರಮೇಧದ ನಂತರ ಎಷ್ಟೋ ಮನೆಗಳಲ್ಲಿ ಗಂಡಸರೇ ಇರಲಿಲ್ಲ. ಸಂಪ್ರದಾಯದ ಪ್ರಕಾರ ಮಗಳಿಗೆ ಜಮೀನು ಬರುವಂತಿರಲಿಲ್ಲ. ಹಾಗಾದರೆ ಆ ಹೊಲಗಳು ಯಾರಿಗೆ? 1999ರಲ್ಲಿ ಮಗ ಮಗಳಿಗೆ ಸಮಾನ ಉತ್ತರಾಧಿಕಾರ ಕೊಡುವ ಕಾನೂನು ಮಾಡಿದರು. ಆಮೇಲೆ 2009ರಿಂದ 2013ರವರೆಗೆ ಇಡೀ ದೇಶದ ಜಮೀನನ್ನು ನೋಂದಾಯಿಸಿದರು. ಆಯಾ ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು, ವಿಮಾನದಿಂದ ತೆಗೆದ ಚಿತ್ರಗಳ ಮೇಲೆ ಗಡಿ ಬರೆಸಿದರು. ಒಂದು ಕೋಟಿಗೂ ಹೆಚ್ಚು ತುಂಡುಗಳಿಗೆ ಹಕ್ಕು ಗುರುತಾಯಿತು. ವಿವಾಹಿತರ ಜಮೀನಿನ ದಾಖಲೆಯಲ್ಲಿ ಇಬ್ಬರ ಹೆಸರೂ ಬಂತು. ಆದರೆ ಅಲ್ಲೊಂದು ಎಚ್ಚರಿಕೆಯ ಪಾಠವೂ ಇದೆ. ಮದುವೆ ನೋಂದಣಿಯಾಗದೆ ಕೂಡಿ ಬಾಳುತ್ತಿದ್ದ ಹೆಂಗಸರು ಈ ಭದ್ರತೆಯ ಹೊರಗೆ ಉಳಿದರು. ಬರೆಯುವ ನಮೂನೆಯಲ್ಲಿ ಯಾರಿಗೆ ಜಾಗವಿಲ್ಲವೋ ಅವರ ಸ್ಥಿತಿ ನೋಂದಣಿಯಿಂದ ಇನ್ನಷ್ಟು ಹದಗೆಡಬಹುದು. ನಮ್ಮಲ್ಲೂ ಗಂಡ ಬಿಟ್ಟುಹೋದ ಹೆಣ್ಣುಮಕ್ಕಳು, ಮದುವೆಗೆ ಕಾಗದದ ಸಾಕ್ಷಿಯಿಲ್ಲದ ಹೆಣ್ಣುಮಕ್ಕಳು ಬೇಕಾದಷ್ಟು ಮಂದಿ ಇದ್ದಾರೆ. ಯಾವ ಸುಧಾರಣೆ ಮಾಡುವಾಗಲೂ ಅವರನ್ನು ಮೊದಲು ನೆನೆಯಬೇಕು.

ನಮ್ಮ ದೇಶದಲ್ಲೇ ಬಡ ಹೆಂಗಸರು ಇದನ್ನು ಹೋರಾಡಿ ಪಡೆದ ಉದಾಹರಣೆ ಬಿಹಾರದ ಬೋಧಗಯಾದ್ದು. ಮಠವೊಂದರ ಹಿಡಿತದಲ್ಲಿದ್ದ ಸಾವಿರಾರು ಎಕರೆ ಜಮೀನಿಗಾಗಿ 1978ರಿಂದ ಭೂರಹಿತರು ಛಾತ್ರ ಯುವ ಸಂಘರ್ಷ ವಾಹಿನಿ ಎಂಬ ಯುವಜನ ಸಂಘಟನೆಯ ಜೊತೆ ಸೇರಿ ಚಳವಳಿ ನಡೆಸಿದರು. ಹೆಂಗಸರು ಗಂಡಸರಷ್ಟೇ ಏಟು ತಿಂದರು, ಜೈಲಿಗೆ ಹೋದರು. ಹಂಚಿಕೆ ಶುರುವಾದಾಗ ಪಟ್ಟಿಯಲ್ಲಿ ಗಂಡಸರ ಹೆಸರುಗಳಿದ್ದವು. ಹೆಂಗಸರು ಅದನ್ನು ಒಪ್ಪಲಿಲ್ಲ. ಹೋರಾಟದಲ್ಲಿ ಜೊತೆಗಿದ್ದವರು ಹಕ್ಕಿನಲ್ಲೂ ಜೊತೆಗಿರಬೇಕು ಎಂದು ವಾದಿಸಿ, ತಮ್ಮ ಗಂಡಂದಿರನ್ನು ಒಪ್ಪಿಸಿ, ಅಧಿಕಾರಿಗಳನ್ನು ಒಪ್ಪಿಸಿ, ಕೆಲವು ಹಳ್ಳಿಗಳಲ್ಲಿ ಜಮೀನನ್ನು ತಮ್ಮ ಹೆಸರಿಗೇ ಬರೆಸಿಕೊಂಡರು. ಆಮೇಲೆ ಬಂದ 2006ರ ಅರಣ್ಯ ಹಕ್ಕು ಕಾಯ್ದೆ, ವಿವಾಹಿತರಿಗೆ ಕೊಡುವ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಲೇಬೇಕು ಎಂದು ನೇರವಾಗಿ ಬರೆದಿದೆ. ಅದು ಕಾಡಿನ ಜಮೀನಿಗೆ ಸಾಧ್ಯವಾದರೆ ನಾಡಿನ ಜಮೀನಿಗೆ ಯಾಕೆ ಸಾಧ್ಯವಿಲ್ಲ?

ಇನ್ನೊಂದು ಮಾತನ್ನು ಮರೆಯಬಾರದು. ಅಪ್ಪನಿಗೂ ಜಮೀನಿಲ್ಲ, ಗಂಡನಿಗೂ ಜಮೀನಿಲ್ಲ ಎನ್ನುವ ಕೂಲಿ ಹೆಣ್ಣುಮಕ್ಕಳಿಗೆ ಉತ್ತರಾಧಿಕಾರದ ಕಾನೂನಿನಿಂದ ಏನೂ ಸಿಗುವುದಿಲ್ಲ. ಇವರಲ್ಲಿ ದಲಿತ ಹೆಣ್ಣುಮಕ್ಕಳೇ ಹೆಚ್ಚು. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ ಇವರಿಗಾಗಿಯೇ ಇದೆ. ಪರಿಶಿಷ್ಟ ಜಾತಿಯ ಭೂರಹಿತ ಕೃಷಿ ಕಾರ್ಮಿಕ ಮಹಿಳೆಯ ಹೆಸರಿಗೆ ಜಮೀನು ಕೊಂಡುಕೊಡುವ ಯೋಜನೆ ಇದು. ಅರ್ಧ ಸಹಾಯಧನ, ಅರ್ಧ ಸಾಲ. ಒಳ್ಳೆಯ ಯೋಜನೆ, ಇನ್ನೂ ಬಹಳ ದೊಡ್ಡದಾಗಬೇಕಾದ ಯೋಜನೆ. ಇದರ ಜೊತೆಗೆ ಗುತ್ತಿಗೆಯ ಪ್ರಶ್ನೆಯೂ ಇದೆ. ಗೇಣಿದಾರರ ಶೋಷಣೆ ನಿಲ್ಲಲೆಂದು 1974ರಲ್ಲಿ ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವುದನ್ನೇ, ಕೆಲವು ಅಪವಾದ ಬಿಟ್ಟು, ನಿಷೇಧ ಮಾಡಲಾಯಿತು. ಅಂದು ಅದು ಬೇಕಿತ್ತು. ಇಂದು ಕೋರಿಗೆ, ಗುತ್ತಿಗೆಗೆ ಜಮೀನು ಮಾಡುವವರು ಭೂರಹಿತರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಅವರ ಕರಾರು ಬಾಯಿಮಾತಿನದು. ಬೆಳೆ ಹೋದರೆ ಪರಿಹಾರ ಮಾಲೀಕನಿಗೆ, ನಷ್ಟ ಇವರಿಗೆ. ಮಾಲೀಕತ್ವಕ್ಕೆ ಧಕ್ಕೆಯಾಗದಂತೆ, ಮಹಿಳಾ ಸಂಘಗಳಿಗಾದರೂ ಲಿಖಿತ ಗುತ್ತಿಗೆಗೆ ಅವಕಾಶ ಕೊಡುವುದನ್ನು ಸರ್ಕಾರ ಯೋಚಿಸಬೇಕು.

ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ರಾಜ್ಯಸಭೆಯಲ್ಲಿ ಮಹಿಳಾ ರೈತರ ಹಕ್ಕುಗಳ ಖಾಸಗಿ ಮಸೂದೆ, 2011 ಮಂಡಿಸಿದ್ದರು. ಜಮೀನಿರಲಿ ಇಲ್ಲದಿರಲಿ, ಕೃಷಿ ಮಾಡುವ ಹೆಂಗಸನ್ನು ರೈತಳೆಂದು ಗುರುತಿಸಬೇಕು ಎಂಬುದು ಅದರ ತಿರುಳು. ಮಸೂದೆ ಕಾನೂನಾಗಲಿಲ್ಲ. ಆ ಬೇಡಿಕೆ ಮಾತ್ರ ಇನ್ನೂ ಬಾಕಿ ಇದೆ.

ಸರ್ಕಾರ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. 2000ದ ಇಸವಿಯ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿ ಕರ್ನಾಟಕ ದೇಶಕ್ಕೇ ಮಾದರಿಯಾಯಿತು. ಅಂಥ ರಾಜ್ಯಕ್ಕೆ ಪಹಣಿಯ ಹೆಸರುಗಳಲ್ಲಿ ಹೆಂಗಸರದೆಷ್ಟು ಎಂದು ಹೋಬಳಿವಾರು ಲೆಕ್ಕ ತೆಗೆದು ಪ್ರತಿವರ್ಷ ಪ್ರಕಟಿಸುವುದು ಕಷ್ಟವಲ್ಲ. ಸರ್ಕಾರ ಮಂಜೂರು ಮಾಡುವ ಪ್ರತಿ ಜಮೀನೂ ದಂಪತಿಯ ಹೆಸರಿನಲ್ಲಿ ಇರಲಿ. ಒಂಟಿ ಹೆಂಗಸಿದ್ದರೆ ಅವಳೊಬ್ಬಳ ಹೆಸರಿನಲ್ಲೇ ಇರಲಿ. ಪೌತಿ ಖಾತೆಯಲ್ಲಿ ಮೊದಲು ಎಲ್ಲ ವಾರಸುದಾರರ ಹೆಸರೂ ಬಂದುಬಿಡಲಿ. ಹಕ್ಕು ಬಿಡುವವರು ಆಮೇಲೆ, ಸಾಕಷ್ಟು ಸಮಯ ತೆಗೆದುಕೊಂಡು, ಕಾಗದವನ್ನು ಕನ್ನಡದಲ್ಲಿ ಓದಿಸಿಕೊಂಡು, ಅಧಿಕಾರಿ ಅವರೊಬ್ಬರನ್ನೇ ಕೂರಿಸಿ ಕೇಳಿದ ಮೇಲೆ ಬಿಡಲಿ.

ಇನ್ನು ನಾವು ನೀವು ಮಾಡಬಹುದಾದದ್ದು. ಹೆಣ್ಣುಮಕ್ಕಳೇ, ನಿಮ್ಮ ತವರಿನ, ಗಂಡನ ಮನೆಯ ಸರ್ವೆ ನಂಬರು ತಿಳಿದುಕೊಳ್ಳಿ. ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು. ಓದಿಸಿಕೊಳ್ಳದೆ ಯಾವ ಪತ್ರಕ್ಕೂ ಸಹಿ ಹಾಕಬೇಡಿ. ಸಂದೇಹ ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. 15100 ನಂಬರಿಗೆ ಫೋನ್ ಮಾಡಿದರೂ ಸಲಹೆ ಸಿಗುತ್ತದೆ. ತಂದೆಯರೇ, ನೀವು ಬದುಕಿರುವಾಗಲೇ ವಿಭಾಗಪತ್ರ ಮಾಡಿ, ಅದನ್ನು ನೋಂದಾಯಿಸಿ. ಸ್ವಂತ ಗಳಿಕೆಗೆ ವಿಲ್ ಬರೆಯುವುದಾದರೆ ಮಗಳನ್ನು ಮರೆಯಬೇಡಿ. ಪಿತ್ರಾರ್ಜಿತದಲ್ಲಿ ಅವಳಿಗಿರುವ ಪಾಲನ್ನು ವಿಲ್ ಬರೆದು ತೆಗೆಯಲು ಬರುವುದಿಲ್ಲ ಎಂಬುದೂ ಗೊತ್ತಿರಲಿ. ಗಂಡಂದಿರೇ, ಮುಂದೆ ಒಂದು ಸೈಟು ಕೊಂಡರೂ, ಎರಡು ಗುಂಟೆ ಕೊಂಡರೂ, ಕ್ರಯಪತ್ರದಲ್ಲಿ ಹೆಂಡತಿಯ ಹೆಸರೂ ಬರಲಿ. ಅಣ್ಣತಮ್ಮಂದಿರೇ, ಪೌತಿ ಖಾತೆಯ ಅರ್ಜಿ ಬರೆಯುವಾಗ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರನ್ನು ನೀವೇ ಮೊದಲು ಹೇಳಿ.

1974ರಲ್ಲಿ ನಾವು ಉಳುಮೆ ಮಾಡುವವರನ್ನು ಒಡೆಯರ ಹಂಗಿನಿಂದ ಬಿಡಿಸಿದೆವು. ಅದು ಅಸಾಧ್ಯ ಎಂದವರು ಅಂದೂ ಇದ್ದರು. ಅದೇ ನೆಲದಲ್ಲಿ ದುಡಿಯುವ ಹೆಂಗಸರಿಗೆ ಅದೇ ನ್ಯಾಯವನ್ನು ತಲುಪಿಸುವುದು ಭೂ ಸುಧಾರಣೆಯ ಉಳಿದ ಅರ್ಧ ಕೆಲಸ. ಕಾನೂನು ತನ್ನ ಪಾಲಿನದನ್ನು ಬಹುಮಟ್ಟಿಗೆ ಮಾಡಿದೆ. ಉಳಿದದ್ದು ಕಂದಾಯ ಕಚೇರಿಗಳದು, ನಮ್ಮ ನಿಮ್ಮ ಮನೆಗಳದು. ಮುಂದಿನ ಸಲ ಪಹಣಿ ತೆಗೆಸುವಾಗ 9ನೆಯ ಕಾಲಂ ನೋಡಿ, ಅಲ್ಲಿ ಯಾರ ಹೆಸರು ಸೇರಬೇಕು ಎಂದು ಮನೆಮಂದಿಯೆಲ್ಲ ಕೂತು ಮಾತಾಡಿ, ಸೇರಿಸಿ.